ಹೊಗೆಯ ಬಣ್ಣ ನೋಡಿ ಎಂಜಿನ್ನಿನ ಬೇನೆ ತಿಳಿಯುವುದು ಹೇಗೆ?

ಬೆಳೆಯ ಎಲೆ ಹಳದಿಯಾದ ಮಾತ್ರಕ್ಕೆ ಕೊರತೆ ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ಹಳದಿ ಬಣ್ಣ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ ಕಂಡರೆ ಸಾರಜನಕದ ಕೊರತೆಯೆಂದೂ, ತುದಿಯ ಎಳೆಯ ಎಲೆಗಳಲ್ಲಿ ನರಗಳ ನಡುವೆ ಕಂಡರೆ ಕಬ್ಬಿಣದ ಕೊರತೆಯೆಂದೂ ಅನುಭವವುಳ್ಳ ರೈತರು ಊಹಿಸುತ್ತಾರೆ. ಎಂಜಿನ್ನಿನ ಹೊಗೆಗೂ ಇದೇ ನಿಯಮ ಅನ್ವಯಿಸುತ್ತದೆ. ಬಣ್ಣವೊಂದನ್ನೇ ನೋಡಿದರೆ ಸಾಲದು. ಹೊಗೆ ಯಾವ ವೇಳೆಯಲ್ಲಿ ಬಂತು, ಎಷ್ಟು ಹೊತ್ತು ಉಳಿಯಿತು, ಅದರ ವಾಸನೆ ಎಂಥದ್ದು, ಆಗ ಎಂಜಿನ್ನಿನ ಮೇಲೆ ಎಷ್ಟು ಭಾರವಿತ್ತು ಎಂಬ ನಾಲ್ಕು ವಿಷಯಗಳನ್ನು ಕೂಡಿಸಿ ನೋಡಿದಾಗ ಮಾತ್ರ ಸರಿಯಾದ ನಿರ್ಧಾರಕ್ಕೆ ಬರಬಹುದು.

ಬೆಂಗಳೂರಿನ ಪೂರ್ವಕ್ಕಿರುವ ಕಾಡುಗೋಡಿ, ಸಮೇತನಹಳ್ಳಿ, ಹೊಸಕೋಟೆ, ಮಾಲೂರು ಭಾಗಗಳಲ್ಲಿ ಇಂದು ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಜೊತೆಗೆ ತರಕಾರಿ ಸಾಗಿಸುವ ಸಣ್ಣ ಸರಕು ವಾಹನವನ್ನೋ, ಮನೆ ಬಳಕೆಗೆ ಕಾರನ್ನೋ ಇಟ್ಟುಕೊಂಡಿರುವ ರೈತ ಕುಟುಂಬಗಳು ಅನೇಕ. ಕೋಸು, ಟೊಮೇಟೊ, ಸೊಪ್ಪು ತುಂಬಿದ ವಾಹನ ಬೆಳಗಿನ ಜಾವ ಮಾರುಕಟ್ಟೆ ಸೇರಬೇಕು. ಅರ್ಧ ದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ದುರಸ್ತಿಯ ಖರ್ಚಿನ ಜೊತೆಗೆ ಆ ದಿನದ ಕೊಯ್ಲೂ ನಷ್ಟವಾಗುತ್ತದೆ. ಹೊಗೆಯ ವಿಷಯದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ಆಗುತ್ತವೆ. ಸಹಜವಾದ ಹಬೆಯನ್ನು ಕಂಡು ಹೆದರಿ, ಅಗತ್ಯವಿಲ್ಲದೆ ಎಂಜಿನ್ ಬಿಚ್ಚಿಸುವುದು ಒಂದು. ನಿಜವಾದ ಅಪಾಯದ ಹೊಗೆಯನ್ನು 'ಚಳಿಗೆ ಬರುತ್ತದೆ' ಎಂದು ಕಡೆಗಣಿಸಿ ಎಂಜಿನ್ನನ್ನೇ ಕಳೆದುಕೊಳ್ಳುವುದು ಇನ್ನೊಂದು. ಇವೆರಡನ್ನೂ ತಪ್ಪಿಸಲು ರೈತರು ತಾವೇ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊಗೆಕೊಳವೆಯಲ್ಲಿ ನೀರು ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಮತ್ತು ಡೀಸೆಲ್‌ಗಳಲ್ಲಿ ಇಂಗಾಲ ಮತ್ತು ಜಲಜನಕ ಇರುತ್ತವೆ. ಇಂಧನ ಉರಿಯುವಾಗ ಜಲಜನಕವು ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಇಲ್ಲವೇ ಡೀಸೆಲ್ ಉರಿದಾಗ ಸುಮಾರು ಒಂದು ಲೀಟರ್‌ನಷ್ಟೇ ನೀರು ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿರುವಾಗ ಈ ನೀರು ಕಣ್ಣಿಗೆ ಕಾಣದ ಆವಿಯಾಗಿ ಹೊರಗೆ ಹೋಗುತ್ತದೆ. ಹೊಗೆಕೊಳವೆ ತಣ್ಣಗಿರುವಾಗ ಮಾತ್ರ ಆವಿ ಅದರ ಗೋಡೆಗೆ ತಗಲಿ ಹನಿಯಾಗುತ್ತದೆ. ತಣ್ಣನೆಯ ತಟ್ಟೆಯನ್ನು ಕುದಿಯುವ ಪಾತ್ರೆಯ ಮೇಲೆ ಮುಚ್ಚಿದಾಗ ಒಳಮೈ ಬೆವರುವಂತೆಯೇ ಇದು.

ಆದುದರಿಂದ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಸೈಲೆನ್ಸರ್ ತುದಿಯಿಂದ ನಾಲ್ಕಾರು ಹನಿ ನೀರು ತೊಟ್ಟಿಕ್ಕುವುದು ದೋಷವಲ್ಲ. ಆ ನೀರಿನಲ್ಲಿ ಸ್ವಲ್ಪ ಮಸಿ ಬೆರೆತು ನೆಲದ ಮೇಲೆ ಕಪ್ಪು ಚುಕ್ಕೆ ಬಿದ್ದರೂ ಗಾಬರಿಪಡಬೇಕಾಗಿಲ್ಲ.

ಬೆಳಗಿನ ಬಿಳಿ ಹಬೆ

ಬೆಂಗಳೂರಿನ ಸುತ್ತಿನ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬೆಳಗಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ, ಗಾಳಿಯಲ್ಲಿ ತೇವವೂ ಹೆಚ್ಚಿರುತ್ತದೆ. ಇಂಥ ವೇಳೆಯಲ್ಲಿ ಹೊಗೆಕೊಳವೆಯ ಆವಿ ಹೊರಗಿನ ತಣ್ಣನೆಯ ಗಾಳಿಗೆ ಸೋಕಿ ಬಿಳಿಯಾಗಿ ಕಾಣುತ್ತದೆ. ಇದರ ಗುರುತುಗಳು ಹೀಗಿವೆ:

1. ಹಬೆ ತೆಳುವಾಗಿದ್ದು ಕೊಳವೆಯಿಂದ ಒಂದೆರಡು ಮಾರು ದೂರ ಹೋಗುವಷ್ಟರಲ್ಲಿ ಕರಗಿಹೋಗುತ್ತದೆ.

2. ಅದಕ್ಕೆ ಸಿಹಿ ವಾಸನೆಯಾಗಲಿ, ಕಣ್ಣುರಿಸುವ ಘಾಟಾಗಲಿ ಇರುವುದಿಲ್ಲ.

3. ವಾಹನ ಕೆಲವು ಕಿಲೋಮೀಟರ್ ಓಡಿ ಎಂಜಿನ್ನೂ ಕೊಳವೆಯೂ ಬಿಸಿಯಾದ ಮೇಲೆ ತಾನಾಗಿಯೇ ನಿಲ್ಲುತ್ತದೆ.

4. ಬಿಸಿಲೇರಿದ ಮೇಲೆ ಅದೇ ವಾಹನವನ್ನು ಚಾಲೂ ಮಾಡಿದರೆ ಕಾಣುವುದಿಲ್ಲ.

ಈ ನಾಲ್ಕೂ ಗುರುತುಗಳು ಇದ್ದರೆ ಮೆಕಾನಿಕ್ ಬಳಿ ಹೋಗುವ ಅಗತ್ಯವಿಲ್ಲ. ಆದರೆ ಒಂದು ಮಾತನ್ನು ಗಮನದಲ್ಲಿಡಬೇಕು. ಡೇರಿಗೆ ಹಾಲು ಹಾಕಲು ಒಂದು ಕಿಲೋಮೀಟರ್, ಅಂಗಡಿಗೆ ಒಂದು ಕಿಲೋಮೀಟರ್ ಎಂದು ಬರೀ ಅಲ್ಪ ದೂರ ಓಡುವ ವಾಹನದ ಎಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ. ನೀರಿನಂಶ ಸೈಲೆನ್ಸರ್‌ನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ, ಕೀಲೆಣ್ಣೆಯಲ್ಲಿಯೂ ಬೆರೆಯುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ತೆಳು ಲೇಪ ಕಾಣುವುದು ಇದರಿಂದಲೇ. ಇಂಥ ವಾಹನವನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ತೇವ ಆರುತ್ತದೆ. ಕೀಲೆಣ್ಣೆಯನ್ನು ಓಡಿದ ಕಿಲೋಮೀಟರ್ ಲೆಕ್ಕಕ್ಕಿಂತ ಮುಂಚೆ, ತಿಂಗಳುಗಳ ಲೆಕ್ಕದಲ್ಲಿ ಬದಲಾಯಿಸುವುದು ಒಳ್ಳೆಯದು.

ನಿಲ್ಲದ ಬಿಳಿ ಹೊಗೆ – ಅಪಾಯದ ಸೂಚನೆ

ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಸಿಲಿಂಡರ್ ಒಳಗೆ ಸೋರುತ್ತಿದೆ ಎಂದು ಶಂಕಿಸಬೇಕು. ಸಿಲಿಂಡರ್‌ಗೂ ಅದರ ಮೇಲ್ಮುಚ್ಚಳವಾದ ಹೆಡ್‌ಗೂ ನಡುವೆ ಗ್ಯಾಸ್ಕೆಟ್ ಎಂಬ ತೆಳುಹಾಳೆ ಇರುತ್ತದೆ. ಎಂಜಿನ್ ಅತಿಯಾಗಿ ಬಿಸಿಯಾದಾಗ ಇದು ಸುಟ್ಟು ಬಿರಿಯುತ್ತದೆ. ಕೆಲವೊಮ್ಮೆ ಹೆಡ್ಡೇ ಸೀಳುತ್ತದೆ. ಆಗ ನೀರು ಉರಿಯುವ ಸ್ಥಳಕ್ಕೆ ಬಂದು ಆವಿಯಾಗಿ ಹೊರಬೀಳುತ್ತದೆ. ರೇಡಿಯೇಟರ್‌ಗೆ ಕೂಲೆಂಟ್ ದ್ರವ ಹಾಕಿದ್ದರೆ ಹೊಗೆಯಲ್ಲಿ ಸಿಹಿಯಾದ ವಾಸನೆ ಇರುತ್ತದೆ. ಬರೀ ನೀರು ಹಾಕಿದ್ದರೆ ಈ ವಾಸನೆ ಇರುವುದಿಲ್ಲ. ಆದ್ದರಿಂದ ವಾಸನೆಯೊಂದನ್ನೇ ನಂಬದೆ ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು.

1. ನೀರಿನ ಮಟ್ಟ: ಎಂಜಿನ್ ಪೂರ್ತಿ ತಣ್ಣಗಿರುವಾಗ, ಪ್ರತಿದಿನ ಒಂದೇ ವೇಳೆಯಲ್ಲಿ ನೀರಿನ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ ನಾಲ್ಕೈದು ದಿನ ನೋಡಬೇಕು. ಹೊರಗೆ ಎಲ್ಲಿಯೂ ಸೋರಿಕೆಯಿಲ್ಲದೆ ಮಟ್ಟ ಇಳಿಯುತ್ತಿದ್ದರೆ ನೀರು ಒಳಗೇ ಹೋಗುತ್ತಿದೆ ಎಂದರ್ಥ. ಎಲ್ಲ ಪರೀಕ್ಷೆಗಳಲ್ಲಿ ಇದು ಅತಿ ಸುಲಭ. ಹೊಗೆ ಇನ್ನೂ ತೆಳುವಾಗಿರುವಾಗಲೇ ಇದರಿಂದ ದೋಷ ಗೊತ್ತಾಗಬಹುದು. ದಟ್ಟವಾದ ಹೊಗೆ ಬರುತ್ತಿದ್ದರೆ ಮಾತ್ರ ನಾಲ್ಕೈದು ದಿನ ಕಾಯದೆ ಮುಂದಿನ ಪರೀಕ್ಷೆಗಳನ್ನು ಕೂಡಲೇ ಮಾಡಬೇಕು.

2. ಕೀಲೆಣ್ಣೆ: ಅಳತೆ ಕಡ್ಡಿಯನ್ನು ಹೊರತೆಗೆದು ನೋಡಬೇಕು. ಎಣ್ಣೆ ಮಜ್ಜಿಗೆ ಬೆರೆಸಿದಂತೆ ಬೆಳ್ಳಗಾಗಿದ್ದರೆ, ಇಲ್ಲವೇ ಮಟ್ಟ ತಾನಾಗಿಯೇ ಏರಿದ್ದರೆ, ನೀರು ಎಣ್ಣೆಗೆ ಸೇರಿದೆ. ಮುಚ್ಚಳದ ತೆಳು ಲೇಪಕ್ಕೂ ಕಡ್ಡಿಯ ಮೇಲಿನ ಮಜ್ಜಿಗೆ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಮೊದಲನೆಯದು ಅಲ್ಪ ದೂರದ ಓಟದ ಫಲ, ಎರಡನೆಯದು ಗಂಭೀರ ದೋಷ.

3. ಗುಳ್ಳೆಗಳು: ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಬಿಡದೆ ಗುಳ್ಳೆಗಳು ಏಳುತ್ತಿದ್ದರೆ, ಉರಿದ ಅನಿಲ ನೀರಿನೊಳಗೆ ನುಗ್ಗುತ್ತಿದೆ ಎಂದು ತಿಳಿಯಬೇಕು.

4. ಸ್ಪಾರ್ಕ್ ಪ್ಲಗ್: ಪೆಟ್ರೋಲ್ ಎಂಜಿನ್ನಿನ ಪ್ಲಗ್ಗುಗಳನ್ನು ಮೆಕಾನಿಕ್‌ನಿಂದ ತೆಗೆಸಿ ನೋಡಿದಾಗ ಮೂರು ಕಂದು ಬಣ್ಣವಾಗಿದ್ದು ಒಂದು ಮಾತ್ರ ತೊಳೆದಂತೆ ಶುಭ್ರವಾಗಿದ್ದರೆ, ಆ ಸಿಲಿಂಡರ್‌ಗೆ ನೀರು ಹೋಗುತ್ತಿರುವುದು ಬಹುತೇಕ ಖಚಿತ.

ಇವುಗಳಲ್ಲಿ ಯಾವುದೇ ಎರಡು ಕಂಡುಬಂದರೂ ವಾಹನವನ್ನು ಓಡಿಸಬಾರದು. 'ಸಂತೆ ಮುಗಿಸಿ ನೋಡೋಣ' ಎಂದು ಮುಂದೂಡಿದರೆ, ಗ್ಯಾಸ್ಕೆಟ್ ಬದಲಾಯಿಸಿ ಮುಗಿಯುತ್ತಿದ್ದ ಕೆಲಸ ಹೆಡ್, ಬೇರಿಂಗು, ಕ್ರಾಂಕ್ ಶಾಫ್ಟ್‌ಗಳವರೆಗೆ ಬೆಳೆಯುತ್ತದೆ. ನೀರು ಬೆರೆತ ಕೀಲೆಣ್ಣೆಗೆ ಬೇರಿಂಗನ್ನು ಕಾಯುವ ಶಕ್ತಿ ಇರುವುದಿಲ್ಲ.

ಗ್ಯಾಸ್ಕೆಟ್ ಸುಡಲು ಮೂಲ ಕಾರಣ ಅತಿ ಶಾಖ. ಈ ಭಾಗದ ಆಳವಾದ ಕೊಳವೆಬಾವಿಗಳ ಗಡಸು ನೀರನ್ನು ರೇಡಿಯೇಟರ್‌ಗೆ ಸುರಿಯುವ ರೂಢಿ ಇದಕ್ಕೆ ದಾರಿ ಮಾಡುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಹಿಟ್ಟಿನಂಥದ್ದೇ ರೇಡಿಯೇಟರ್ ನಾಳಗಳಲ್ಲಿಯೂ ಕಟ್ಟುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಹಾಕಬೇಕು. ತುರ್ತಿನಲ್ಲಿ ನೀರು ಹಾಕಲೇಬೇಕಾದರೆ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಗಡಸು ನೀರಿಗಿಂತ ಮೇಲು.

ಡೀಸೆಲ್ ಎಂಜಿನ್ನಿನ ಬಿಳಿ ಹೊಗೆ

ಡೀಸೆಲ್ ಎಂಜಿನ್ನಿನಲ್ಲಿ ಬಿಳಿ ಹೊಗೆಗೆ ಮತ್ತೊಂದು ಕಾರಣವಿದೆ. ಇಲ್ಲಿ ಕಿಡಿ ಹಚ್ಚುವ ಪ್ಲಗ್ಗು ಇರುವುದಿಲ್ಲ. ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಇಂಧನವನ್ನು ಉರಿಸಬೇಕು. ಗಾಳಿ ಸಾಕಷ್ಟು ಕಾಯದಿದ್ದರೆ ಡೀಸೆಲ್ ಉರಿಯದೆ ಮಂಜಿನಂತೆ ಹೊರಬೀಳುತ್ತದೆ. ಈ ಹೊಗೆಗೆ ಹಸಿ ಡೀಸೆಲ್ಲಿನ ಘಾಟು ಇದ್ದು ಕಣ್ಣು ಉರಿಯುತ್ತದೆ. ಸಂದೇಹವಿದ್ದರೆ ಒಂದು ರಟ್ಟಿನ ತುಂಡನ್ನು ಕೊಳವೆಯ ತುದಿಯಿಂದ ಒಂದು ಗೇಣು ದೂರದಲ್ಲಿ ಕ್ಷಣಕಾಲ ಹಿಡಿದು ನೋಡಬಹುದು. ಕುಳಿತ ತೇವ ಬೇಗ ಆರಿಹೋದರೆ ನೀರು. ಜಿಡ್ಡಿನ ಕಲೆಯಾಗಿ ಉಳಿದು ವಾಸನೆ ಬಂದರೆ ಡೀಸೆಲ್.

ಬೆಳಿಗ್ಗೆ ಚಾಲೂ ಮಾಡಿದ ಒಂದೆರಡು ನಿಮಿಷ ಮಾತ್ರ ಹೀಗಾದರೆ ಎಂಜಿನ್ನಿನ ಒಳಭಾಗವನ್ನು ಕಾಯಿಸುವ ಗ್ಲೋ ಪ್ಲಗ್ಗುಗಳನ್ನು ಪರೀಕ್ಷಿಸಬೇಕು. ಬಿಸಿಯಾದ ಮೇಲೂ ಮುಂದುವರಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಇಂಧನ ಚಿಮ್ಮುವ ಕಾಲ ತಡವಾಗಿರಬಹುದು, ಸಿಲಿಂಡರ್‌ನ ಒತ್ತಡ ಕುಗ್ಗಿರಬಹುದು ಅಥವಾ ಡೀಸೆಲ್‌ಗೆ ನೀರು ಬೆರೆತಿರಬಹುದು. ಇಂಧನ ಶೋಧಕದ ತಳದ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡವರು ಇನ್ನೊಂದು ವಿಷಯ ತಿಳಿದಿರಬೇಕು. ಪಂಪಿನಿಂದ ಬರುವ ತಣ್ಣೀರನ್ನೇ ಎಂಜಿನ್ನಿನ ಸುತ್ತ ಹರಿಸುವಲ್ಲಿ, ನೀರು ಅತಿಯಾದರೆ ಎಂಜಿನ್ ಬೇಕಾದಷ್ಟು ಕಾಯುವುದೇ ಇಲ್ಲ. ಬಿಳಿ ಹೊಗೆ, ಬೇಗನೆ ಸವೆತ, ಕೆಸರಾಗುವ ಕೀಲೆಣ್ಣೆ ಇದರ ಫಲ. ಎಂಜಿನ್ನಿನಿಂದ ಹೊರಬೀಳುವ ನೀರು ಕೈ ಹೆಚ್ಚು ಹೊತ್ತು ತಾಳಲಾರದಷ್ಟು ಬಿಸಿ ಇರುವಂತೆ ತಿರುಪನ್ನು ಹೊಂದಿಸಬೇಕು.

ನೀಲಿ ಹೊಗೆ

ನೀಲಿ ಛಾಯೆಯ, ಸುಟ್ಟ ಎಣ್ಣೆಯ ವಾಸನೆಯ ಹೊಗೆ ಬಂದರೆ ಕೀಲೆಣ್ಣೆ ಉರಿಯುತ್ತಿದೆ ಎಂದು ಅರ್ಥ. ಪೆಟ್ರೋಲ್ ಜೊತೆ ಎಣ್ಣೆ ಬೆರೆಸಿ ಓಡಿಸುವ ಎರಡು ಹೊಡೆತದ ಸಿಂಪರಣಾ ಯಂತ್ರ ಮತ್ತು ಕಳೆ ಕತ್ತರಿಸುವ ಯಂತ್ರಗಳಲ್ಲಿ ಸ್ವಲ್ಪ ನೀಲಿ ಹೊಗೆ ಸಹಜ. ಕಾರು ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಹಜವಲ್ಲ. ಹೊಗೆ ಬರುವ ವೇಳೆಯಿಂದ ದೋಷದ ಸ್ಥಳವನ್ನು ಹೀಗೆ ಊಹಿಸಬಹುದು:

ರಾತ್ರಿಯಿಡೀ ನಿಂತ ವಾಹನ ಚಾಲೂ ಮಾಡಿದಾಗ ಒಮ್ಮೆ ನೀಲಿ ಹೊಗೆ ಉಗುಳಿ ಸುಮ್ಮನಾದರೆ ಕವಾಟಗಳ ಎಣ್ಣೆ ಸೀಲುಗಳು ಗಟ್ಟಿಯಾಗಿವೆ. ಇಳಿಜಾರಿನಲ್ಲಿ ವೇಗವರ್ಧಕದಿಂದ ಕಾಲು ತೆಗೆದು ಮತ್ತೆ ತುಳಿದಾಗ ಬಂದರೂ ಸಂದೇಹ ಇವುಗಳ ಮೇಲೆಯೇ. ಭಾರ ಎಳೆಯುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗುಗಳು ಅಥವಾ ಸಿಲಿಂಡರ್ ಸವೆದಿವೆ. ಇಂಥ ಎಂಜಿನ್ನಿನ ಉಸಿರು ಕೊಳವೆಯಿಂದಲೂ ಹೊಗೆ ಪುಸುಗುಟ್ಟುವುದನ್ನು ಕಾಣಬಹುದು. ಟರ್ಬೊ ಇರುವ ವಾಹನದಲ್ಲಿ ಅದರ ಸೀಲು ಸೋರುವುದೂ ಕಾರಣವಾಗಬಹುದು.

ಎಂಜಿನ್ ಬಿಚ್ಚಿಸುವ ಮೊದಲು ಎರಡು ಸಣ್ಣ ವಿಷಯಗಳನ್ನು ನೋಡಬೇಕು. ಕೀಲೆಣ್ಣೆ ಮೇಲಿನ ಗುರುತಿಗಿಂತ ಹೆಚ್ಚಾಗಿದೆಯೇ? ಉಸಿರು ಕೊಳವೆ ಕಟ್ಟಿಕೊಂಡಿದೆಯೇ? ಇವೆರಡರಿಂದಲೂ ನೀಲಿ ಹೊಗೆ ಬರುತ್ತದೆ, ಖರ್ಚಿಲ್ಲದೆ ಸರಿಯಾಗುತ್ತದೆ.

ರಿಂಗುಗಳು ಅಕಾಲದಲ್ಲಿ ಸವೆಯಲು ಮುಖ್ಯ ಕಾರಣ ಧೂಳು. ಕೆಂಪು ಮಣ್ಣಿನ ಒಣ ಉಳುಮೆಯಲ್ಲಿ, ರಾಗಿ ಒಕ್ಕಣೆಯಲ್ಲಿ ಏಳುವ ಧೂಳು ಏರ್ ಕ್ಲೀನರ್ ದಾಟಿ ಒಳಗೆ ಹೋದರೆ ಅರದಂತೆ ಲೋಹವನ್ನು ಉಜ್ಜುತ್ತದೆ. ಎಣ್ಣೆಯ ಬಟ್ಟಲಿರುವ ಏರ್ ಕ್ಲೀನರನ್ನು ಧೂಳಿನ ಕೆಲಸದ ದಿನಗಳಲ್ಲಿ ಪ್ರತಿದಿನ ತೆಗೆದು ನೋಡಿ, ಕೆಸರು ಕೂತಿದ್ದರೆ ಎಣ್ಣೆ ಬದಲಾಯಿಸಬೇಕು.

ಕಪ್ಪು ಹೊಗೆ

ಇಂಧನ ಹೆಚ್ಚಾದಾಗ ಅಥವಾ ಗಾಳಿ ಕಡಿಮೆಯಾದಾಗ ಉರಿಯದ ಇಂಗಾಲ ಮಸಿಯಾಗಿ ಹೊರಬರುತ್ತದೆ. ಹಣ ಕೊಟ್ಟು ತಂದ ಡೀಸೆಲ್ಲೇ ಹೀಗೆ ಕಪ್ಪಾಗಿ ಹೋಗುತ್ತದೆ. ಎತ್ತರದ ಪ್ರದೇಶವಾದ್ದರಿಂದ ಇಲ್ಲಿನ ಗಾಳಿ ಸಮುದ್ರ ತೀರದ ಗಾಳಿಗಿಂತ ಸುಮಾರು ಶೇ. 10ರಷ್ಟು ತೆಳು. ಟರ್ಬೊ ಇಲ್ಲದ ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಭಾರ ಬಿದ್ದಾಗ ಕಪ್ಪು ಹೊಗೆ ಬೇಗ ಕಾಣಲು ಇದೂ ಒಂದು ಕಾರಣ.

ಪರೀಕ್ಷೆಯನ್ನು ಕಡಿಮೆ ಖರ್ಚಿನಿಂದ ಹೆಚ್ಚು ಖರ್ಚಿನ ಕಡೆಗೆ ನಡೆಸಬೇಕು. ಮೊದಲು ಏರ್ ಕ್ಲೀನರ್. ಬಳಿಕ ಹೊರೆ: ಕೆಳಗಿನ ಗೇರಿಗೆ ಇಳಿಸಿದಾಗ ಅಥವಾ ನೇಗಿಲಿನ ಆಳ ಕಡಿಮೆ ಮಾಡಿದಾಗ ಹೊಗೆ ನಿಂತರೆ ದೋಷ ಎಂಜಿನ್ನಿನದಲ್ಲ, ಕೆಲಸದ ರೀತಿಯದು. ಕೊನೆಗೆ ಇಂಜೆಕ್ಟರ್ ಮತ್ತು ಪಂಪಿನ ಪರೀಕ್ಷೆ. ಇವನ್ನು ಸರಿಯಾದ ಉಪಕರಣಗಳಿರುವ ಕಾರ್ಯಾಗಾರದಲ್ಲಿ ಮಾಡಿಸಬೇಕೇ ಹೊರತು ತಾವೇ ತಿರುಪು ತಿರುಗಿಸಬಾರದು. ಪೆಟ್ರೋಲ್ ಕಾರಿನಲ್ಲಿ ಕಪ್ಪು ಹೊಗೆ ಬಂದರೆ ಹಳೆಯ ಕಾರಾದರೆ ಚೋಕ್ ಸಿಕ್ಕಿಕೊಂಡಿರಬಹುದು; ಹೊಸದಾದರೆ ಆಮ್ಲಜನಕ ಅಳೆಯುವ ಸೆನ್ಸರ್ ಅಥವಾ ಇಂಜೆಕ್ಟರ್ ಕೆಟ್ಟಿರಬಹುದು.

ಹೊಸ ವಾಹನಗಳ ವಿಷಯ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಕಾರು ಮತ್ತು ಸರಕು ವಾಹನಗಳಿಗೆ ಭಾರತ್ ಹಂತ 6ರ ನಿಯಮ ಜಾರಿಯಾಗಿದೆ. ಈ ನಿಯಮದ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವನ್ನು ಹೊಗೆಕೊಳವೆಯಲ್ಲಿಯೇ ಅಳವಡಿಸಿರುತ್ತಾರೆ. ಆದುದರಿಂದ ದೋಷವಿದ್ದರೂ ಹೊಗೆ ಬೇಗ ಹೊರಗೆ ಕಾಣುವುದಿಲ್ಲ. ಇಂಥ ವಾಹನದಲ್ಲಿ ಕಪ್ಪು ಹೊಗೆ ಕಂಡರೆ ತಡಮಾಡದೆ ತೋರಿಸಬೇಕು. ಶೋಧಕದಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಎಂಜಿನ್ ಕೆಲಕಾಲ ಬಿಡುವಿಲ್ಲದೆ ಓಡಬೇಕು. ಹೋಪ್ ಫಾರಂ ವೃತ್ತದಂಥ ಕಡೆ ವಾಹನ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ವಾಹನಕ್ಕೆ ಈ ಅವಕಾಶ ಸಿಗುವುದಿಲ್ಲ. ಎಚ್ಚರಿಕೆಯ ದೀಪ ಹೊತ್ತಿದಾಗ ಕೈಪಿಡಿಯಲ್ಲಿ ಹೇಳಿದಂತೆ ಹೊಸಕೋಟೆ ಕಡೆಯ ಹೆದ್ದಾರಿಯಂಥ ತೆರವಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು.

ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ನೀಡಲಾಯಿತು. ಎಥೆನಾಲ್ ನೀರನ್ನು ಹೀರುವ ಗುಣವುಳ್ಳದ್ದು. ತೊಟ್ಟಿಯೊಳಗೆ ನೀರು ಸೇರಿದರೆ ಅದು ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಎಂಜಿನ್ ಚಾಲೂ ಆಗಲು ತಡವರಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ವಾಹನದ ತೊಟ್ಟಿಯ ಮುಚ್ಚಳ ಭದ್ರವಾಗಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಬೇಕು.

ಕಾನೂನಿನಂತೆ ಪಡೆಯುವ ಹೊಗೆ ತಪಾಸಣಾ ಪತ್ರ ಎಂಜಿನ್ನಿನ ಆರೋಗ್ಯದ ಪತ್ರವಲ್ಲ. ಆ ತಪಾಸಣೆ ಡೀಸೆಲ್ ಹೊಗೆಯ ದಟ್ಟತೆಯನ್ನೂ ಪೆಟ್ರೋಲ್ ಹೊಗೆಯ ಅನಿಲಗಳನ್ನೂ ಅಳೆಯುತ್ತದೆ. ರೇಡಿಯೇಟರ್ ನೀರು ಎಲ್ಲಿ ಹೋಗುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ನೆರೆ ನೀರು ಹೊಕ್ಕಾಗ

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಯಮಲೂರು, ಬೆಳ್ಳಂದೂರು ಸುತ್ತಿನ ತಗ್ಗು ಪ್ರದೇಶಗಳು ಜಲಾವೃತವಾದಾಗ ಕಾರುಗಳು ನಿಂತಲ್ಲಿಯೇ ಮುಳುಗಿದವು, ಐ.ಟಿ. ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಟ್ರ್ಯಾಕ್ಟರಿನ ಗಾಳಿ ಸೇದುವ ಬಾಯಿ ಎತ್ತರದಲ್ಲಿದೆ, ಕಾರಿನದು ತಗ್ಗಿನಲ್ಲಿದೆ. ಗಾಳಿಯ ದಾರಿಯಲ್ಲಿ ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಯತ್ನಿಸಿದರೆ ದೊಡ್ಡ ಹಾನಿಯಾಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಪಿಸ್ಟನ್ ಮೇಲೇರಿ ನೀರಿಗೆ ತಾಗಿದೊಡನೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಯಾಸ್ಕೆಟ್ ಬಿರಿದು ರಾತ್ರಿಯೆಲ್ಲ ಸಿಲಿಂಡರ್‌ಗೆ ನೀರು ಸೋರಿದ್ದರೂ ಬೆಳಿಗ್ಗೆ ಇದೇ ಗತಿ. ಆದುದರಿಂದ ಮುಳುಗಿದ ವಾಹನದ ಕೀಲಿ ತಿರುಗಿಸದೆ, ಬ್ಯಾಟರಿ ತಂತಿ ಬಿಡಿಸಿ, ಎಳೆಸಿಕೊಂಡು ಕಾರ್ಯಾಗಾರಕ್ಕೆ ಒಯ್ಯಬೇಕು. ಏರ್ ಕ್ಲೀನರ್ ಒದ್ದೆಯಾಗಿದೆಯೇ, ಕೀಲೆಣ್ಣೆ ಬೆಳ್ಳಗಾಗಿದೆಯೇ ಎಂದು ನೋಡಿಸದೆ ಚಾಲೂ ಮಾಡಿಸಬಾರದು.

ಪಾಲಿಸಬೇಕಾದ ಎಚ್ಚರಿಕೆಗಳು

1. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ಮೀರಿದ್ದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದೊಡನೆ ಚಿಮ್ಮಿ ಮುಖ, ಕೈ ಸುಡುತ್ತದೆ.

2. ಮುಚ್ಚಿದ ಕೊಟ್ಟಿಗೆ ಅಥವಾ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಹೊಗೆ ಪರೀಕ್ಷಿಸಬಾರದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣ ತೆಗೆಯುವ ವಿಷ.

3. ಬಸಿದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬಾರದು. ಅದರ ಸಿಹಿ ರುಚಿಗೆ ನಾಯಿ, ಕರುಗಳು ನೆಕ್ಕಿ ಸಾಯುವುದುಂಟು. ಮಕ್ಕಳ ಕೈಗೆ ಸಿಗದಂತೆಯೂ ಇಡಬೇಕು.

ರೈತರು ವಾಹನದೊಳಗೆ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ನೀರು ತುಂಬಿದ ದಿನ, ಎಣ್ಣೆ ಹಾಕಿದ ದಿನ, ಹೊಗೆ ಕಂಡ ವೇಳೆ ಮತ್ತು ಬಣ್ಣ ಇಷ್ಟನ್ನು ಬರೆದಿಡುವುದು ಉತ್ತಮ. ಬೆಚ್ಚಗಾದ ಮೇಲೆ ಕರಗುವ ಹಬೆಗೆ ಹೆದರಬೇಕಾಗಿಲ್ಲ. ಬೆಚ್ಚಗಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಒಂದು ದಿನವೂ ಕಾಯಬಾರದು. ನೀಲಿ ಹೊಗೆ ಕಂಡರೆ ಎಣ್ಣೆಯ ಮಟ್ಟವನ್ನೂ, ಕಪ್ಪು ಹೊಗೆ ಕಂಡರೆ ಗಾಳಿಯ ದಾರಿಯನ್ನೂ ಮೊದಲು ನೋಡಬೇಕು. ಈ ಪುಸ್ತಕದೊಡನೆ ಹೋದ ರೈತನ ಮುಂದೆ ಮೆಕಾನಿಕ್ ಸಹ ಊಹೆಯ ಮೇಲೆ ಎಂಜಿನ್ ಬಿಚ್ಚುವ ಬದಲು ಕಾರಣ ಹುಡುಕಿ ಕೆಲಸ ಮಾಡಬೇಕಾಗುತ್ತದೆ.